ರೈಲು ಬರುವ ಹೊತ್ತಿಗೆ ಅರಳದ ಹೂವು

ಮದುವೆಯಾಗಿ ಮಾಲೂರಿನಿಂದ ಹೊರಟ ನಾನು ಬಂದು ಇಳಿದದ್ದು ಊರೇ ಇಲ್ಲದ ಒಂದು ಸ್ಟೇಷನ್ನಿನಲ್ಲಿ. ಕೋಲಾರದಿಂದ ಶ್ರೀನಿವಾಸಪುರದ ಕಡೆಗೆ ಹೋಗುವ ಸಣ್ಣ ರೈಲು ಅಲ್ಲಿ ತುಸು ಹೊತ್ತು ನಿಂತು, ಉಸಿರು ಬಿಟ್ಟು, ಮುಂದೆ ಹೋಗುತ್ತಿತ್ತು. ಸ್ಟೇಷನ್ನಿಗೆ ಹೆಸರು ಕೊಟ್ಟ ಊರು ದಿಬ್ಬದ ಹಿಂದೆ ಎಲ್ಲೋ ಇತ್ತಂತೆ. ಅಲ್ಲಿದ್ದಷ್ಟು ವರ್ಷವೂ ನಾನು ಅದನ್ನು ಕಣ್ಣಾರೆ ಕಾಣಲಿಲ್ಲ. ಕಾಣುತ್ತಿದ್ದದ್ದು ಬಂಡೆ, ಕೆಂಪು ನೆಲ, ಒಂದು ಹೊಂಗೆ ಮರ, ಎರಡೂ ಕಡೆಗೆ ಓಡಿಹೋಗುವ ಹಳಿ.

ನನ್ನ ಯಜಮಾನರು ಅಲ್ಲಿನ ಸ್ಟೇಷನ್ ಮಾಸ್ಟರು. ನನಗಿಂತ ಬಹಳ ದೊಡ್ಡವರು. ಇಡೀ ದಿನ ತಂತಿಯಲ್ಲಿ ಕಟಕಟ ಎಂದು ಆಚೀಚೆ ಸ್ಟೇಷನ್ನಿನವರ ಜೊತೆ ಮಾತಾಡುತ್ತಿದ್ದರು. ಮನೆಗೆ ಬರುವ ಹೊತ್ತಿಗೆ ಮಾತೆಲ್ಲ ಖರ್ಚಾಗಿರುತ್ತಿತ್ತು. ಕೆಟ್ಟವರಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೂ ತುಟಿ ಬಿಚ್ಚಿದವರಲ್ಲ. ಬೈದಿದ್ದರಾದರೂ ಒಂದು ಮಾತಾಗುತ್ತಿತ್ತಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದ್ದುಂಟು. ನಮ್ಮನ್ನು ಬಿಟ್ಟರೆ ಅಲ್ಲಿದ್ದದ್ದು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಮತ್ತು ಅವನ ಹೆಂಡತಿ. ಅವಳು ತೆಲುಗಿನವಳು, ಬೆಳಗಾದರೆ ಕೂಲಿಗೆ ಹೋಗಿಬಿಡುತ್ತಿದ್ದಳು. ತವರಿನಲ್ಲಿ ಒಂದೇ ಬಾವಿಯ ಸುತ್ತ ಹತ್ತು ಮನೆ ಹೆಂಗಸರ ಬಾಯಿ ಕೇಳಿ ಬೆಳೆದ ನನಗೆ, ಆ ಸ್ಟೇಷನ್ನಿನ ಮಧ್ಯಾಹ್ನಗಳಲ್ಲಿ ಕಿವಿ ಗುಂಯ್ ಎನ್ನುತ್ತಿತ್ತು. ಒಮ್ಮೊಮ್ಮೆ ಒಲೆಯ ಜೊತೆ ಜಗಳ ಆಡುತ್ತಿದ್ದೆ. ಹೊಗೆ ಬಿಟ್ಟರೆ ಬೈಯುತ್ತಿದ್ದೆ, ಹೊತ್ತಿಕೊಂಡರೆ ಹೊಗಳುತ್ತಿದ್ದೆ.

ಬೆಳಗಿನ ರೈಲು ಏಳೂವರೆಯ ಸುಮಾರಿಗೆ ಬಂದು ಹೋಗುತ್ತಿತ್ತು. ಅದೇ ರೈಲು ಸಂಜೆ ಬಿಸಿಲು ಇಳಿದ ಮೇಲೆ ವಾಪಸ್ಸು. ನಾನು ಎರಡು ಹೊತ್ತೂ ಬೇಲಿಯ ಹತ್ತಿರ ನಿಂತು ಕಿಟಕಿಗಳಲ್ಲಿ ಮುಖ ನೋಡುತ್ತಿದ್ದೆ. ಒಂದು ಸಂತೆಯ ದಿನ ಬೆಳಿಗ್ಗೆ ಕಿಟಕಿಯಿಂದ ಒಬ್ಬ ಮುಸಲ್ಮಾನ ಹೆಂಗಸು, ನನ್ನ ತಾಯಿಯ ವಯಸ್ಸಿನವಳು, ನನ್ನನ್ನು ಕರೆದಳು.

"ಬೇಟಿ, ಒಂದಿಷ್ಟು ನೀರು ಕೊಡ್ತೀಯಾ? ಗಂಟಲು ಒಣಗೋಗಿದೆ."

ನಾನು ಓಡಿ ಹೋಗಿ ಚೊಂಬಿನಲ್ಲಿ ತಂದು ಅವಳ ಬೊಗಸೆಗೆ ಸುರಿದೆ. ಅವಳು ಕುಡಿದು, ಒದ್ದೆ ಕೈಯಿಂದ ಮುಖ ಒರೆಸಿಕೊಂಡು, ನಮ್ಮ ಸ್ಟೇಷನ್ನಿನ ಬೋಳು ನೆಲವನ್ನು ಆ ಕಡೆಯಿಂದ ಈ ಕಡೆಯವರೆಗೆ ನೋಡಿದಳು. "ಎಷ್ಟು ಬಿಸಿಲು ಇದೆ ನಿಮಗೆ!" ಎಂದಳು. ಬಿಸಿಲನ್ನು ಹಾಗೆ ಆಸೆಪಟ್ಟು ಹೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ರೈಲು ಹೊರಟಿತು.

ಮುಂದಿನ ಸಂತೆಯ ದಿನ ಅವಳು ಕಿಟಕಿಯಿಂದ ಒಂದು ಬಟ್ಟೆಯ ತುಂಡನ್ನು ನನ್ನ ಕೈಗೆ ಹಾಕಿದಳು. ಬಿಚ್ಚಿದರೆ ನಾಲ್ಕಾರು ಕಡ್ಡಿಗಳು. ಕಡ್ಡಿಯೂ ದಪ್ಪ, ಎಲೆಯೂ ದಪ್ಪ. ಎಲೆಗಳು ಸೂಜಿಯಂತೆ ಸಣ್ಣಗಿದ್ದರೂ ಚಿವುಟಿದರೆ ನೀರು ಜಿನುಗುತ್ತಿತ್ತು. ಅವಳು ಗಡಿಬಿಡಿಯಲ್ಲಿ ಹೇಳಿದಳು. ಅದು ಅವಳ ತಾಯಿಯ ಮನೆಯ ಅಂಗಳದ ಗಿಡವಂತೆ, ಮುಳಬಾಗಿಲಿನದು. ತಾಯಿ ತೀರಿಕೊಂಡು ಆ ಮನೆ ಬೇರೆಯವರ ಪಾಲಾದಾಗ ಒಂದು ಕಡ್ಡಿ ಕಿತ್ತು ತಂದಿದ್ದಳಂತೆ. ಕೋಲಾರದಲ್ಲಿ ಅವರು ರೇಷ್ಮೆ ನೂಲು ಬಿಚ್ಚುವವರು, ಮನೆ ಇದ್ದದ್ದು ಇಕ್ಕಟ್ಟಿನ ಓಣಿಯಲ್ಲಿ.

"ಬಿಸಿಲೇ ಬೀಳಲ್ಲ ಬೇಟಿ. ಗಿಡ ಸಾಯಲ್ಲ, ಆದರೆ ಹೂ ಬಿಡಲ್ಲ. ಅಮ್ಮನ ಮನೇಲಿ ಅಂಗಳ ತುಂಬಾ ಅರಳ್ತಿತ್ತು. ಕೆಂಪು ಅಂತೀನಿ ನಾನು, ನಮ್ಮ ತಮ್ಮ ಗುಲಾಬಿ ಅಂತಾನೆ. ಈಗ ನನಗೇ ಸರಿಯಾಗಿ ನೆನಪಿಗೆ ಬರಲ್ಲ. ನೀನು ಬೆಳೆಸು. ಅರಳಿದಾಗ ನಾನು ನೋಡ್ತೀನಿ."

ಪಕ್ಕದಲ್ಲಿ ಗೂಡಿನ ಬುಟ್ಟಿ ಹಿಡಿದು ಕೂತಿದ್ದ ತಮ್ಮ ನಕ್ಕ. ಇಬ್ಬರೂ ಸಂತೆಯ ದಿನ ಶ್ರೀನಿವಾಸಪುರಕ್ಕೆ ರೇಷ್ಮೆಗೂಡು ಕೊಳ್ಳಲು ಹೋಗುತ್ತಿದ್ದರು.

ಗಿಡ ಬೆಳೆಸುವುದು ನನಗೆ ಗೊತ್ತು ಎಂಬ ಜಂಬ ನನಗಿತ್ತು. ತವರಿನಲ್ಲಿ ಕನಕಾಂಬರ, ಮಲ್ಲಿಗೆ ಎಲ್ಲ ಬೆಳೆಸಿದವಳು. ಕಡ್ಡಿಗಳನ್ನು ಆಗಲೇ ನೆಟ್ಟು ದಿನಾ ಅಕ್ಕಿ ತೊಳೆದ ನೀರು ಸುರಿದೆ. ಮುದ್ದು ಮಾಡಿದಷ್ಟೂ ಅವು ಬುಡದಲ್ಲಿ ಕಂದಿ ಕೊಳೆತವು. ಒಂದು ಕಡ್ಡಿ ಮಾತ್ರ ಬಟ್ಟೆಯಲ್ಲೇ ಮರೆತು ಉಳಿದಿತ್ತು. ವಾರ ಕಳೆದು ನೋಡಿದರೆ ನೀರಿಲ್ಲ ಮಣ್ಣಿಲ್ಲ, ಆದರೂ ಹಸಿರಾಗಿಯೇ ಇತ್ತು! ಆಗ ನನಗೆ ಅದರ ಗುಣ ಗೊತ್ತಾಯಿತು. ಹಳಿಯ ಪಕ್ಕದಲ್ಲಿ ಎಂಜಿನ್ನಿನಿಂದ ಸುರಿದ ಕಲ್ಲಿದ್ದಲ ಕಿಟ್ಟ ರಾಶಿ ಬಿದ್ದಿರುತ್ತಿತ್ತು. ಅದನ್ನು ಕುಟ್ಟಿ, ಜರಡಿ ಹಿಡಿದು, ಕೆಮ್ಮಣ್ಣಿಗೆ ಬೆರೆಸಿದೆ. ಕೆಳಗೆ ಒಡೆದ ಹೆಂಚಿನ ಚೂರು ಹಾಸಿದೆ. ಕಡ್ಡಿಯನ್ನು ಬುಡ ಒಣಗಲು ಬಿಟ್ಟು, ಆಮೇಲೆ ಚುಚ್ಚಿ, ನೀರು ತೋರಿಸದೆ ಸುಮ್ಮನಿದ್ದೆ. ಸುಮ್ಮನಿರುವುದನ್ನು ನನಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಅದು ಹತ್ತಿಕೊಂಡಿತು. ತುದಿ ಚಿವುಟಿದ ಹಾಗೆಲ್ಲ ಪಕ್ಕಕ್ಕೆ ಕವಲೊಡೆಯಿತು. ಚಿವುಟಿದ ತುದಿಗಳನ್ನೇ ಮತ್ತೆ ಚುಚ್ಚಿದೆ. ಬೇಸಿಗೆಯಲ್ಲಿ ನಮಗೇ ಕುಡಿಯುವ ನೀರು ಪೀಪಾಯಿಯಲ್ಲಿ ರೈಲಿನ ಮೇಲೆ ಬರುತ್ತಿದ್ದ ಕಾಲ. ಹೊಂಗೆ ಮರವೂ ಎಲೆ ಮುದುರಿಕೊಂಡಿತ್ತು. ಈ ಗಿಡ ಮಾತ್ರ ಪ್ಲಾಟ್‌ಫಾರಮ್ಮಿನ ಅಂಚಿಗೆ ಚಾಪೆ ಬಿಚ್ಚಿದಂತೆ ಹರಡುತ್ತಾ ಹೋಯಿತು. ಒಂದು ಬೆಳಿಗ್ಗೆ ಪಾತ್ರೆ ತೊಳೆದು ಈಚೆಗೆ ಬಂದರೆ, ಹೂವು! ಕೆಂಪೂ ಅಲ್ಲದ ಗುಲಾಬಿಯೂ ಅಲ್ಲದ ಬಣ್ಣ, ಎರಡೂ ಸೇರಿದ್ದು. ಎಸಳು ರೇಷ್ಮೆಗಿಂತ ನಯ. ನಾನು ಒಬ್ಬಳೇ ನಿಂತು "ಅಯ್ಯೋ, ಅಯ್ಯೋ" ಎಂದೆ. ಕೇಳುವವರು ಯಾರಿದ್ದರು?

ಆದರೆ ಆ ಹೂವಿಗೊಂದು ಹಟ. ಬಿಸಿಲು ಏರಿ ಸ್ಟೇಷನ್ನಿನ ಗಡಿಯಾರದಲ್ಲಿ ಹತ್ತಾಗುವವರೆಗೆ ಕಣ್ಣು ಬಿಡುತ್ತಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಮುದುಡಿಕೊಳ್ಳುತ್ತಿತ್ತು. ಹತ್ತು ಗಂಟೆ ಹೂವು ಎಂದು ನಾನೇ ಕರೆದುಕೊಂಡೆ. ರೈಲು ಬರುವುದು ಅದು ಏಳುವುದಕ್ಕೆ ಮೊದಲು, ತಿರುಗಿ ಬರುವುದು ಅದು ಮಲಗಿದ ಮೇಲೆ. ಸಂತೆಯ ದಿನ ಅವಳು ಕಿಟಕಿಯಿಂದ ಕತ್ತು ಚಾಚಿ "ಅರಳ್ತಾ?" ಎನ್ನುತ್ತಿದ್ದಳು. ನಾನು ಹಸಿರು ಚಾಪೆಯನ್ನೂ ಅಕ್ಕಿಕಾಳಿನಂಥ ಮೊಗ್ಗುಗಳನ್ನೂ ತೋರಿಸುತ್ತಿದ್ದೆ. ಬಣ್ಣವನ್ನು ಬಾಯಲ್ಲಿ ಹೇಳಲು ಹೋಗಿ ಸೋಲುತ್ತಿದ್ದೆ. ಅವಳು ನಗುತ್ತಾ ಹೂಂ ಎನ್ನುತ್ತಿದ್ದಳು, ಆದರೆ ಅವಳ ಕಣ್ಣು ನಗುತ್ತಿರಲಿಲ್ಲ.

ಅವಳಿಗೆ ಆ ಹೂವನ್ನು ತೋರಿಸಲೇಬೇಕು ಎಂಬುದು ನನಗೆ ಹುಚ್ಚಾಯಿತು. ಅರಳಿದ್ದನ್ನು ಕಿತ್ತು ನೀರಿನ ಬಟ್ಟಲಲ್ಲಿ ಇಟ್ಟರೆ ಸಂಜೆಗೆ ಅಂಟಂಟಾದ ಮುದ್ದೆಯಾಗಿರುತ್ತಿತ್ತು. ಕುಂಡದಲ್ಲಿ ಬೆಳೆಸಿ, ಬೆಳಿಗ್ಗೆ ಬುಟ್ಟಿ ಕವುಚಿ, ಸಂಜೆ ರೈಲಿಗೆ ಮುಂಚೆ ತೆಗೆದು ನೋಡಿದೆ. ಬಿಸಿಲು ಕಾಣದ ಮೊಗ್ಗು ಬೇಡವೆಂದು ಹಾಗೇ ಕೂತಿತ್ತು. ಕೊನೆಗೆ ಒಂದು ದಿನ ಯಜಮಾನರನ್ನೇ ಕೇಳಿದೆ.

"ಬೆಳಗಿನ ರೈಲು ಒಂದು ದಿನ ಹತ್ತು ಗಂಟೆಗೆ ಬರೋ ಹಾಗೆ ಮಾಡಕ್ಕಾಗಲ್ವಾ?"

ಅವರು ತಟ್ಟೆಯಿಂದ ತಲೆ ಎತ್ತಿದರು. "ಯಾಕೆ?"

"ಹೂವು ತೋರಿಸ್ಬೇಕು, ಆ ಅಮ್ಮನಿಗೆ."

"ಹೂವಿಗೋಸ್ಕರ ಯಾರಾದ್ರೂ ರೈಲು ನಿಲ್ಲಿಸ್ತಾರಾ?" ಎಂದು ಕೈ ತೊಳೆಯಲು ಎದ್ದರು. ಆ ತಿಂಗಳಲ್ಲಿ ಅವರು ನನ್ನ ಜೊತೆ ಆಡಿದ ಮಾತುಗಳಲ್ಲಿ ಅದೇ ಉದ್ದದ್ದು.

ಆಮೇಲೆ ಒಂದು ಅನಾಹುತವಾಯಿತು. ಒಂದು ಮಧ್ಯಾಹ್ನ ಪಾಯಿಂಟ್ಸ್‌ಮನ್ನಿನ ಹೆಂಡತಿ ಕೂಲಿಗೆ ಹೋಗದೆ ಉಳಿದವಳು, ಒಂದು ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಬಾಗಿಲಿಗೆ ಬಂದಳು. ಬಟ್ಟಲಲ್ಲಿ ಬಿಸಿಬಿಸಿ ಸೊಪ್ಪಿನ ಸಾರು. ಅವರ ಮನೆಯ ಅಡುಗೆ ನಾವು ಮುಟ್ಟುವ ವಾಡಿಕೆ ಇರಲಿಲ್ಲ. ಆದರೆ ಮದುವೆಯಾದಂದಿನಿಂದ ನನಗಾಗಿ ಇನ್ನೊಬ್ಬರು ಅಡುಗೆ ಮಾಡಿ ತಂದದ್ದು ಅದೇ ಮೊದಲು. ಕದ ಮುಂದೆ ಮಾಡಿಕೊಂಡು ಮುದ್ದೆಯ ಜೊತೆ ಪೂರಾ ಉಂಡೆ. ಸ್ವಲ್ಪ ಹುಳಿ, ಸ್ವಲ್ಪ ಲೋಳೆ, ಚೆನ್ನಾಗಿಯೇ ಇತ್ತು. ಹೊರಗೆ ಕಾದಿದ್ದ ಅವಳಿಗೆ ಬಟ್ಟಲು ವಾಪಸ್ಸು ಕೊಡುತ್ತಾ "ಯಾವ ಸೊಪ್ಪು?" ಎಂದು ಕೇಳಿದೆ.

"ಗೋಣಿಸೊಪ್ಪಮ್ಮಾ. ನಿಮ್ಮ ಪಾತಿ ತುಂಬಾ ಒತ್ತಾಗಿ ಬೆಳ್ದಿತ್ತಲ್ಲಾ. ಹಿಂಗೇ ಬಿಟ್ರೆ ಮುದಿಯಾಗೋಯ್ತದೆ ಅಂತ ಬೆಳಿಗ್ಗೇನೇ ಕೊಯ್ದು ಬೇಳೆ ಜೊತೆ ಪಪ್ಪಿಗೆ ಹಾಕ್ದೆ."

ಅವಳ ತಪ್ಪೇನೂ ಇಲ್ಲ. ನಮ್ಮ ಸೀಮೆಯಲ್ಲಿ ನೆಲಕ್ಕೆ ಹರಡಿದ ಹಸಿರನ್ನು ಕಂಡ ಹೆಂಗಸು ಮೊದಲು ನೆನೆಯುವುದು ಬೇಳೆಯನ್ನೇ. ಗೋಣಿಸೊಪ್ಪೂ ಈ ಗಿಡವೂ ದಾಯಾದಿಗಳಂತೆ ಇರುತ್ತವೆ, ಅವಳು ನೋಡಿದ ಹೊತ್ತಿಗೆ ಹೂವೂ ಅರಳಿರಲಿಲ್ಲ. ನಾನು ಹೋಗಿ ಬೋಳು ಪಾತಿಯನ್ನು ನೋಡಿದೆ. ಅಳು ಬಂತು, ನಗುವೂ ಬಂತು. ಅವಳೋ ವಿಷಯ ತಿಳಿದು "ಅಯ್ಯೋ ತಲ್ಲೀ" ಎಂದು ಗಲ್ಲ ಬಡಿದುಕೊಂಡಳು. ನಾನೇ ಅವಳನ್ನು ಸಮಾಧಾನ ಮಾಡಬೇಕಾಯಿತು. ಮಾರನೆಯ ದಿನದಿಂದ ಅವಳು ಕೂಲಿಗೆ ಹೋಗುವ ಮುಂಚೆ ಪಾತಿಗೆ ಕೈ ಮುಗಿದು ಹೋಗುತ್ತಿದ್ದಳು. ಹೂವಿನ ದೇವರಿಗೆ ಹೆದರಿ ಇರಬೇಕು.

ಗಿಡ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. ಉಳಿದ ಬುಡಗಳಲ್ಲಿ ಗೆಣ್ಣು ಗೆಣ್ಣಿಗೂ ಚಿಗುರೊಡೆಯಿತು. ಒಂದು ಮಳೆಗಾಲ ಮೋಡದಲ್ಲೇ ಕಳೆದು, ಚಳಿ ಮುಗಿದು, ಶಿವರಾತ್ರಿಯ ಹೊತ್ತಿಗೆ ಮತ್ತೆ ಚಾಪೆ ಹಾಸಿತು. ಅವಳೂ ಸಂತೆ ತಪ್ಪಿಸದೆ ಬರುತ್ತಿದ್ದಳು, "ಅರಳ್ತಾ?" ಎಂದು ಕೇಳುತ್ತಿದ್ದಳು.

ಆಗ ಯುದ್ಧ ನಡೆಯುತ್ತಿತ್ತು. ಕಲ್ಲಿದ್ದಲಿಗೆ ತತ್ವಾರವಾಗಿ ಎಂಜಿನ್ನುಗಳಿಗೆ ಕಟ್ಟಿಗೆ ತುರುಕುತ್ತಿದ್ದರು, ಅವು ದಾರಿಯಲ್ಲಿ ಎಲ್ಲೆಂದರಲ್ಲಿ ನಿಲ್ಲುತ್ತಿದ್ದವು. ಒಂದು ಸಂತೆಯ ದಿನ ಏಳೂವರೆಗೆ ರೈಲಿಲ್ಲ. ಒಂಬತ್ತಾಯಿತು, ಇಲ್ಲ. ನನಗೆ ಒಲೆಯ ಮುಂದೆ ಕೂರಲಾಗಲಿಲ್ಲ. ಹತ್ತಕ್ಕೆ ಹೂವುಗಳು ಒಂದೊಂದಾಗಿ ಕಣ್ಣು ಬಿಟ್ಟವು. ಹತ್ತೂವರೆಗೆ ಪ್ಲಾಟ್‌ಫಾರಮ್ಮಿನ ಅಂಚು ಪೂರಾ ಆ ಬಣ್ಣ, ಜೇನುಹುಳುಗಳ ಗುಂಯ್‌ಗಾಟ. ದೂರದಲ್ಲಿ ಹೊಗೆ ಕಂಡಿತು. ಅವಳು ಇವತ್ತು ಬಂದಿರದಿದ್ದರೆ ಎಂದುಕೊಂಡು ಬೇಲಿಯ ಹತ್ತಿರ ಓಡಿದೆ.

ಬಂದಿದ್ದಳು. ರೈಲು ಪೂರ್ತಿ ನಿಲ್ಲುವ ಮುಂಚೆಯೇ ಅವಳ ತಲೆ ಕಿಟಕಿಯಿಂದ ಈಚೆಗಿತ್ತು. ತಮ್ಮ ಬೇಡವೆನ್ನುತ್ತಿದ್ದರೂ ಕೇಳದೆ, ಗಾಡಿಯಿಂದ ಇಳಿದೇ ಬಿಟ್ಟಳು. ಅವಳನ್ನು ನಿಂತ ನಿಲುವಿನಲ್ಲಿ ನಾನು ನೋಡಿದ್ದು ಅದೇ ಮೊದಲು. ನನಗಿಂತ ಗಿಡ್ಡ. ಪಾತಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಹೂವಿನ ಕೆಳಗೆ ಬೆರಳಿಟ್ಟು ಎತ್ತಿ ನೋಡಿದಳು.

"ಕೆಂಪೂ ಅಲ್ಲ, ಗುಲಾಬಿನೂ ಅಲ್ಲ," ಎಂದಳು. "ಇದೇ. ಇದೇ ಕಣಮ್ಮಾ." ಕಣ್ಣೀರು ಮೂಗಿನ ತುದಿಯಿಂದ ಹೂವಿನ ಮೇಲೆ ಬಿತ್ತು.

ಎಂಜಿನ್ನಿಗೆ ಕಟ್ಟಿಗೆ ತುಂಬಿಯಾಯಿತು. ಗಾರ್ಡು ಸೀಟಿ ಊದಿ ನಮ್ಮ ಯಜಮಾನರ ಕಡೆ ನೋಡಿದ. ಅವರು ನಮ್ಮಿಂದ ನಾಲ್ಕು ಹೆಜ್ಜೆ ಆಚೆ, ಹಸಿರು ಬಾವುಟವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಹಳಿಯಲ್ಲಿ ಏನೋ ದೋಷ ಹುಡುಕುವವರ ಹಾಗೆ ಬಗ್ಗಿ ನೋಡುತ್ತಾ ನಿಂತಿದ್ದರು. ಗಾರ್ಡು ಇನ್ನೊಂದು ಸಲ ಊದಿದ. ಅವರು ಬಾವುಟ ತೆಗೆಯಲಿಲ್ಲ. ಒಂದು ನಿಮಿಷ ತಡವಾದರೂ ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದ ಮನುಷ್ಯ ಅವರು.

ಆ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. ಮನೆ, ಬೋಳು ಬಂಡೆ, ಒಂಟಿ ಹೊಂಗೆ ಮರ, ಎಲ್ಲವನ್ನೂ ಒಂದು ಸಲ ನೋಡಿ, ನನ್ನ ಗಲ್ಲ ಹಿಡಿದಳು.

"ಇಲ್ಲಿ ನೀನು ದಿನಾ ಯಾರ ಜೊತೆ ಮಾತಾಡ್ತೀಯ ಬೇಟಿ?"

ಅದನ್ನು ನನ್ನನ್ನು ಯಾರೂ ಕೇಳಿರಲಿಲ್ಲ, ನನ್ನ ತಾಯಿ ಸಹ. ಉತ್ತರಕ್ಕೆ ಬಾಯಿ ತೆರೆದೆ. ಪಕ್ಕದಲ್ಲಿ ಬಾವುಟ ಬಿಚ್ಚಿದ ಸದ್ದಾಯಿತು. ಯಜಮಾನರು ಅದನ್ನು ಎತ್ತಿ ಹಿಡಿದಿದ್ದರು, ಮುಖ ಬೇರೆ ಕಡೆ ಇತ್ತು. ಅವಳು ಓಡಿ ಗಾಡಿ ಹತ್ತಿದಳು.

ಅವಳನ್ನು ನಾನು ನೋಡಿದ್ದು ಅದೇ ಕೊನೆ. ಸಂಜೆಯ ರೈಲು ಬಹಳ ತಡವಾಗಿ ಕತ್ತಲಲ್ಲಿ ಬಂತು, ಕಿಟಕಿಗಳಲ್ಲಿ ದೀಪವಿರಲಿಲ್ಲ. ಅದಾದ ಮೇಲೆ ರೈಲುಗಳನ್ನು ಕಡಿಮೆ ಮಾಡಿದರು, ಸಂತೆಯ ದಿನ ರೈಲೇ ಇಲ್ಲವಾಯಿತು. ಮುಂದೆ ನಮಗೂ ವರ್ಗವಾಯಿತು. ಅವಳ ಹೆಸರು ಏನೆಂದು ನಾನು ಕೇಳಿರಲಿಲ್ಲ, ನನ್ನ ಹೆಸರನ್ನು ಅವಳೂ ಕೇಳಿರಲಿಲ್ಲ.

ಇದೆಲ್ಲ ಆಮೇಲಿನ ಮಾತು. ಆ ದಿನ ಮಧ್ಯಾಹ್ನ ಯಜಮಾನರು ಊಟಕ್ಕೆ ಬಂದಾಗ ನಾನು ಎಂದಿನಂತೆ ಬಡಿಸಿದೆ. ಅವಳು ಕೇಳಿದ್ದು ಅವರ ಕಿವಿಗೆ ಬಿದ್ದಿತ್ತು, ಅದು ನನಗೆ ಗೊತ್ತಿತ್ತು. ಅವರು ಅನ್ನವನ್ನು ಸುಮ್ಮನೆ ಕಲಸುತ್ತಾ ಕೂತರು. ಏನೋ ಹೇಳಲು ಹೊರಟು ನೀರು ಕುಡಿದರು. ಮತ್ತೆ ಕಲಸಿದರು. ಕೊನೆಗೆ ತಟ್ಟೆಯನ್ನೇ ನೋಡುತ್ತಾ ಕೇಳಿದರು.

"ಆ ಗಿಡಕ್ಕೆ ದಿನಾ ಎಷ್ಟು ನೀರು ಹಾಕ್ಬೇಕು?"

ನಮ್ಮ ಅಷ್ಟು ವರ್ಷದ ಸಂಸಾರದಲ್ಲಿ ಅವರು ತಾವಾಗಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನಾನು ಗಾಬರಿಯಾಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

"ಅದಕ್ಕೆ ನೀರು ಬೇಕಾಗಲ್ಲ."

"ಓ," ಎಂದರು. ಊಟ ಮುಗಿಸಿ, ಕೈ ತೊಳೆದು, ಸ್ಟೇಷನ್ನಿಗೆ ಹೋದರು. ನಾನು ಸ್ವಲ್ಪ ಬೇಕು ಎಂದಿದ್ದರೆ, ಸ್ವಲ್ಪ ಅಂದರೆ ಎಷ್ಟು ಎಂದು ಇನ್ನೊಂದು ಮಾತು ಕೇಳುತ್ತಿದ್ದರೋ ಏನೋ.