ಬುತ್ತಿಗೆ ಬಿದ್ದ ಅಡವಿ ಉಳ್ಳಾಗಡ್ಡಿ

ಚಂದ್ರಬಾಯಿಯ ಮುತ್ತಜ್ಜ ಶಂಭು ಜೇವರ್ಗಿ ಕಡೆ ಹನ್ನೊಂದು ಬಾವಿ ತೋಡಿದ ಗಟ್ಟಿ ಆಳು. ಅವನ ಮಗಳು ಮುಕ್ತಾ, ದಾರಿ ನಡೆದು ಬಂದವರ ಕಾಲಿನ ಆಣಿಗೆ ಅಡವಿ ಉಳ್ಳಾಗಡ್ಡಿ ಸುಟ್ಟು ಕಟ್ಟಿ ಕಳಿಸುತ್ತಿದ್ದವಳು. ಆ ಕೈಗುಣ ಮೊಮ್ಮಗಳು ಚಂದ್ರಬಾಯಿಗೆ ಇಳಿದು ಬಂತು. ಹೊಟ್ಟೆಗೆ ಹೋದರೆ ಆ ಗಡ್ಡೆ ಗುಂಡಿಗೆಯನ್ನೇ ಹಿಡಿಯುವ ವಿಷ ಎಂಬುದನ್ನೂ ಅಜ್ಜಿಯೇ ಕಲಿಸಿದ್ದಳು.

ಈಗ ಆಕೆ ಮಗನ ಸಂಸಾರದ ಜತೆ ಇರುವ, ನವಿ ಮುಂಬಯಿಯ ಘಣಸೋಲಿಯ ಹಿಂದಿನ ಗುಡ್ಡದಲ್ಲಿ ಬೇಸಿಗೆಗೆ ಎಲೆಯಿಲ್ಲದ ಬರಿ ದಂಟು ಎದ್ದು, ಮಣ್ಣುಬಣ್ಣದ ಸಣ್ಣ ಹೂ ಜೋತುಬೀಳುತ್ತವೆ. ಆಗಲೇ ಆಕೆ ಜಾಗ ಗುರುತಿಟ್ಟುಕೊಳ್ಳುತ್ತಾಳೆ. ಈ ಸಲ ಪಕ್ಕದ ಖೋಲಿಯವಳ ಆಣಿಗೆಂದು ಎರಡು ಗಡ್ಡೆ ಅಗೆದು ತಂದಳು. ಅಷ್ಟರಲ್ಲಿ ಮಳೆ ಹನಿಯಿತು. ಒಣಹಾಕಿದ ಬಟ್ಟೆ ತೆಗೆಯುವ ಗಡಿಬಿಡಿಯಲ್ಲಿ ಗಡ್ಡೆಗಳನ್ನು ಉಳ್ಳಾಗಡ್ಡಿ ಬುಟ್ಟಿಗೇ ಹಾಕಿ ಮರೆತಳು.

ಮರುದಿನ ಸೋಮವಾರ. ಅತ್ತೆ ಸೊಸೆಗೆ ಒಪ್ಪತ್ತು, ರಾತ್ರಿಯೇ ಊಟ. ಮಧ್ಯಾಹ್ನ ಸೊಸೆ ದಾನೇಶ್ವರಿ ಕೈ ಕೆರೆದುಕೊಳ್ಳುತ್ತ ಕೂತಿದ್ದಳು.

“ಏನಾತು ಕೈಗೆ?”

“ಮುಂಜಾನೆ ಉಳ್ಳಾಗಡ್ಡಿ ಹೆಚ್ಚಿದಾಗಿಂದ ಹಿಂಗೇ ಅದ ಅತ್ತಿ. ಲೋಳಿ ಲೋಳಿ ಇತ್ತು.”

“ಕಣ್ಣಾಗ ನೀರು ಬಂದಿತ್ತೇನು?”

“ಇಲ್ರಿ. ಚಲೋ ಜಾತಿ ಅನಕೊಂಡೆ.”

ಚಂದ್ರಬಾಯಿ ಬುಟ್ಟಿ ಕೆದಕಿದಳು. ಒಂದೇ ಗಡ್ಡೆ ಉಳಿದಿತ್ತು. ಇನ್ನೊಂದು ಪಲ್ಯಕ್ಕೆ ಬಿದ್ದು, ಮಗ ದಿಲೀಪನ ಡಬ್ಬಿಯಲ್ಲಿ ಕೆಲಸಕ್ಕೆ ಹೋಗಿತ್ತು. ಫೋನು ಹಚ್ಚಿದರೆ ಅವನು ಎತ್ತಲಿಲ್ಲ.

“ಪಲ್ಯದ ಪಾತೇಲಿ ಯಾರಿಗೂ ಮುಟ್ಟಗೊಡಬ್ಯಾಡ” ಎಂದವಳೇ, ಅರವತ್ತೆರಡರ ಹೆಂಗಸು ಸೀರೆ ಮೇಲೆ ಸಿಕ್ಕಿಸಿ ಓಡಿದಳು. ರಿಕ್ಷಾ ಕಾಯುವಷ್ಟು ಜೀವ ತಡೆಯಲಿಲ್ಲ.

ಮಗ ಕೆಲಸ ಮಾಡುವ ಕಟ್ಟಡದಲ್ಲಿ ಸ್ಲ್ಯಾಬ್ ಹಾಕುತ್ತಿದ್ದರು. ಕಲಸಿದ ಕಾಂಕ್ರೀಟು ಕಾಯುವುದಿಲ್ಲ, ಅದಕ್ಕೇ ಎಲ್ಲರ ಊಟ ಹಿಂದೆ ಬಿದ್ದಿತ್ತು. ದಿಲೀಪನ ಬುತ್ತಿ, ಕಟ್ಟಿದ ಗಂಟು ಕಟ್ಟಿದ ಹಾಗೇ ಮೊಳೆಗೆ ತೂಗುತ್ತಿತ್ತು. ಚಂದ್ರಬಾಯಿ ಅದನ್ನು ಎದೆಗೆ ಅವಚಿಕೊಂಡು ಮರಳ ಗುಂಪೆಯ ಮೇಲೆ ಕುಸಿದು ಕೂತಳು. ಉಸಿರು ತಿರುಗಿದ ಮೇಲೆ ಪಲ್ಯವನ್ನು ತಗ್ಗಿಗೆ ಸುರಿದು ಮಣ್ಣು ಎಳೆದಳು.

ದಿಲೀಪ ನಗುತ್ತ ಇಳಿದು ಬಂದ. “ಯವ್ವಾ, ಸೊಸಿ ಅಡಿಗಿ ಮ್ಯಾಲ ಇಷ್ಟು ಸಿಟ್ಟೇನು?”

“ತಪ್ಪು ಆಕೀದಲ್ಲೋ, ನಂದು. ಆಣಿ ಗಡ್ಡಿ ಬುಟ್ಯಾಗ ಇಟ್ಟಾಕಿ ನಾನು.”

ಅವನ ನಗು ಅಲ್ಲೇ ನಿಂತಿತು. ಜತೆಯವರು ತಮ್ಮ ರೊಟ್ಟಿ ಮುರಿದು ಕೊಟ್ಟರು. ಮಗ ಕಡೇ ತುತ್ತು ನುಂಗುವ ತನಕ ಆಕೆ ಅವನ ಮುಖವನ್ನೇ ನೋಡುತ್ತ ಕೂತಳು. ಅವನು ಎದ್ದು ತಾಯಿಗೆಂದು ರಿಕ್ಷಾ ಕರೆದ.

“ಬ್ಯಾಡಪ್ಪಾ, ಕಳಿಸು ಅವನ್ನ. ಬರೂವಾಗ ದಾರೀನೇ ಕಂಡಿಲ್ಲ ನನಗ. ಈಗೇನು ಅವಸರ? ನೋಡಕೋತ, ನಡಕೋತ ಹೋಗತೀನಿ.”