ದೊಡ್ಡವ್ವ ಕಟ್ಟಿದ ಶಾಸ್ತ್ರ

ಒಣಹಾಕಿದ ಬಿಳಿ ದುಪ್ಪಟಿಯ ಮೇಲೆ ನೇರಳೆ ಬಣ್ಣದ ಹಿಕ್ಕೆ ಬಿದ್ದಿತ್ತು. ಸೊಸೆ ಅದನ್ನು ಮಾಳಿಗೆಯಿಂದ ಕೆಳಗೆ ತಂದು ನನ್ನ ಮುಂದೆ ಹಿಡಿದು, ಎಷ್ಟು ಸಾಬೂನು ಹಚ್ಚಿದರೂ ಹೋಗುತ್ತಿಲ್ಲ ಎಂದಳು. ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಸರಿ ಹಣ್ಣು ತಿಂದ ಹಕ್ಕಿಯ ಹಿಕ್ಕೆ ಅದು. ಆ ಕಲೆಗೆ ಅಂಜಿಕೊಂಡೇ ಬದುಕಿದ ಮನೆಯೊಂದು ನಮ್ಮ ಮನೆ ಬಾಜೂಕೇ ಇತ್ತು... ರಬಕವಿಯಲ್ಲಿ, ನಮ್ಮ ಕಡೆಯೆಲ್ಲ ಮುಂಬೈ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ.

ನಾನು ಆಗಷ್ಟೇ ಮದುವೆಯಾಗಿ ಬಂದವಳು. ಬಾಜೂ ಮನೆಯವಳನ್ನು ಓಣಿಯೆಲ್ಲ ದೊಡ್ಡವ್ವ ಎನ್ನುತ್ತಿತ್ತು, ನಾನೂ ಅಂದೆ. ಅವಳ ಗಂಡ ನಮಗೆಲ್ಲ ದೊಡ್ಡಪ್ಪ. ಇಬ್ಬರೂ ನೇಕಾರರು. ಸೀರೆಯ ಉದ್ದೆಳೆಯಾದ ಹಾಸಿನ ನೂಲಿಗೆ ಗಂಜಿ ಹಚ್ಚಿ, ಉದ್ದಕ್ಕೆ ಎಳೆದು ಕಟ್ಟಿ ಒಣಗಿಸಲು ಅವರಿಗಿದ್ದ ಜಾಗ ಹಿತ್ತಲೊಂದೇ. ಆ ಹಿತ್ತಲಲ್ಲೇ ದೊಡ್ಡದೊಂದು ಬಸರಿ ಗಿಡ. ಹೊಳೆಸಾಲಿನ ಹೊಲಗಳಲ್ಲಿ ಜೋಳದ ಸುಗ್ಗಿ ನಡೆದಿರುವಾಗಲೇ, ಶಿವರಾತ್ರಿಯ ಹೊತ್ತಿಗೆ, ಹಕ್ಕಿಗಳ ಹಿಂಡು ಬಂದು ಅದರ ಮೇಲೆ ಇಳಿಯುತ್ತಿತ್ತು. ಕರಿ ತಲೆ, ಕರಿ ರೆಕ್ಕೆ, ನಡುವೆ ಗುಲಾಬಿ ಮೈ. ಜೋಳ ತಿನ್ನುತ್ತವೆ ಎಂದು ರೈತರು ಕವಣೆ ಬೀಸಿ ಓಡಿಸಿದರೆ, ಹಾಸಿನ ಮೇಲೆ ಹೇಲುತ್ತವೆ ಎಂದು ದೊಡ್ಡಪ್ಪ ಬೈಯುತ್ತಿದ್ದರು. ಒಂದು ಕಲೆ ಬಿದ್ದರೂ ಸೀರೆ ಕೆಟ್ಟಂತೆಯೇ. ಅವರ ಸಿಟ್ಟಿಗೂ ಅರ್ಥವಿತ್ತು.

ದೊಡ್ಡವ್ವನಿಗೆ ಮಾತ್ರ ಅವು ಬಂದರೆ ಹಬ್ಬ. ಮಗ್ಗ ಬಿಟ್ಟು ಎದ್ದು ಬಂದು ಒಗೆಯುವ ಕಲ್ಲಿನ ಮೇಲೆ ಕೂತು ಕತ್ತು ನೋಯುವವರೆಗೂ ನೋಡುತ್ತಿದ್ದಳು. ಜಗಳಕ್ಕೆ ನಿಂತಾಗ ತಲೆಯ ಮೇಲಿನ ಜುಟ್ಟು ಹೇಗೆ ಏಳುತ್ತದೆ ನೋಡು, ಆ ಮಣ್ಣು ಬಣ್ಣದವು ಇನ್ನೂ ಗುಲಾಬಿ ಬರದ ಮರಿಗಳು ಎಂದು ಗೋಡೆಯಾಚೆಯಿಂದ ನನ್ನನ್ನು ಕರೆದು ತೋರಿಸುತ್ತಿದ್ದಳು. ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಒಂದು ಮುಂಜಾನೆ ಹಿತ್ತಲು ಸುಮ್ಮನಾಗಿಬಿಡುತ್ತಿತ್ತು. ಎಲ್ಲಿಗೆ ಹೋದವು ಎಂದು ನಾನು ಕೇಳಿದರೆ, "ತವರಿಗೆ ಬಂದ ಹೆಣ್ಮಕ್ಕಳು ಎಲ್ಲಿಗೆ ಹೋಗ್ತಾರ, ಅಲ್ಲಿಗೇ" ಎನ್ನುತ್ತಿದ್ದಳು.

ಗಿಡ ಕಡಿದೇ ಬಿಡುವುದೆಂದು ದೊಡ್ಡಪ್ಪ ಹಟ ಹಿಡಿದ ವರ್ಷವೇ ಅವರ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ಬಂದಳು. ನಮ್ಮ ಕಡೆ ಬಸುರಿಯನ್ನೂ ಬಸರಿ ಎಂದೇ ಅನ್ನುವುದು. ಕೊಡಲಿಯವನು ಬಂದ ದಿನ ದೊಡ್ಡವ್ವ ಹಿತ್ತಲ ಬಾಗಿಲಿಗೆ ಅಡ್ಡ ನಿಂತು, "ಮನ್ಯಾಗ ಬಸರಿ ಇದ್ದಾಗ ಬಸರಿ ಗಿಡಕ್ಕ ಕೊಡ್ಲಿ ಹಚ್ಚಬಾರದು. ನಮ್ಮವ್ವ ಹೇಳಿದ್ದು" ಎಂದಳು. ಅವನು ಅಂಜಿ ವಾಪಸ್ ಹೋದ. ಓಣಿಗೇ ಹಿರಿಯಳಾದ ನಮ್ಮ ಅತ್ತೆಯೂ ಇಂಥ ಶಾಸ್ತ್ರ ಕೇಳಿರಲಿಲ್ಲ. ಸಂಜೆ ಬಾವಿಯಲ್ಲಿ ನೀರು ಸೇದುವಾಗ ದೊಡ್ಡವ್ವ ನನ್ನ ಹತ್ತಿರ ಸರಿದು, ಅವ್ವನೂ ಹೇಳಿಲ್ಲ, ಅಜ್ಜಿಯೂ ಹೇಳಿಲ್ಲ, ಹಕ್ಕಿಗಳ ಸಲುವಾಗಿ ನಿಂತ ಕಾಲ ಮೇಲೆ ನಾನೇ ಕಟ್ಟಿದ ಶಾಸ್ತ್ರ ಎಂದು ಹೇಳಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ.

ಹೋಳಿಗೆ ಮುಂಚೆ ಒಂದು ದಿನ ಹೊಸ ಹಾಸಿನ ಉದ್ದಕ್ಕೂ ಕಲೆ ಬಿದ್ದವು. ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. ಹೆಂಡತಿ ಹೊಳೆಗೆ ಹೋದ ಹೊತ್ತು ನೋಡಿ, ಹಾಸಿನ ಮೇಲೆ ಚಾಚಿದ್ದ ಒಂದು ಟೊಂಗೆಯನ್ನು ತಾವೇ ಕಡಿದು ಹಾಕಿದರು. ದೊಡ್ಡವ್ವ ಬಂದು ನೋಡಿ ಸ್ವಲ್ಪ ದಿನ ಮಾತು ಬಿಟ್ಟಳು, ಆಮೇಲೆ ಮರೆತಳು. ಹಕ್ಕಿಗಳು ಉಳಿದ ಟೊಂಗೆಗಳಲ್ಲೇ ಒತ್ತಿಕೊಂಡು ಕೂತವು.

ವೈಶಾಖದಲ್ಲಿ ಮಗಳಿಗೆ ಹೆರಿಗೆ ಕಷ್ಟವಾಯಿತು. ಜಮಖಂಡಿಯ ದವಾಖಾನೆಗೆ ಒಯ್ಯಲು ಗಾಡಿ ಹೂಡುವಷ್ಟರಲ್ಲಿ... ತಾಯಿ, ಕೂಸು ಇಬ್ಬರೂ ಉಳಿಯಲಿಲ್ಲ.

ಸೂತಕದ ದಿನಗಳೆಲ್ಲ ಮುಗಿದ ಮೇಲೂ ದೊಡ್ಡಪ್ಪ ಮಗ್ಗಕ್ಕೆ ಇಳಿಯಲಿಲ್ಲ. ಆ ಒಗೆಯುವ ಕಲ್ಲಿನ ಮೇಲೆ ಕೂತು ಟೊಂಗೆ ಕಡಿದ ಗಾಯವನ್ನೇ ನೋಡುತ್ತಿದ್ದರು. ಊಟಕ್ಕೆ ಕರೆದರೆ, ಈ ಕೈಯಿಂದ ಹೇಗೆ ಉಣ್ಣಲಿ ಎನ್ನುತ್ತಿದ್ದರು. ಕಡೆಗೆ ದೊಡ್ಡವ್ವ ನನ್ನನ್ನು ಸಾಕ್ಷಿಗೆಂದು ಕರೆದೊಯ್ದು ಅವರ ಮುಂದೆ ನೆಲಕ್ಕೆ ಕೂತಳು.

"ಅದು ಶಾಸ್ತ್ರ ಅಲ್ರೀ. ಹಕ್ಕಿ ಸಲುವಾಗಿ ನಾನ ಹುಟ್ಟಿಸಿದ್ದು. ಬೇಕಾದ್ರ ಈಕಿನ್ನ ಕೇಳ್ರಿ."

ನಾನು ಹೌದೆಂದೆ. ಅವರು ನಮ್ಮಿಬ್ಬರ ಮುಖವನ್ನೂ ನೋಡಿದರು.

"ನನ್ನ ಸಮಾಧಾನಕ್ಕ ಇಬ್ರೂ ಸುಳ್ಳ ಹೇಳಾಕತ್ತೀರಿ."

ಅಂದು ಸುಳ್ಳನ್ನು ನಂಬದೆ ಟೊಂಗೆ ಕಡಿದವರು ಈಗ ಖರೆಯನ್ನು ನಂಬಲಿಲ್ಲ. ದೊಡ್ಡವ್ವ ದಿನವೂ ಹೇಳಿದಳು, ದೇವರ ಆಣೆ ಇಟ್ಟಳು, ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಮಗಳಿಗಾಗಿ ಅಳಲೂ ಅವಳಿಗೆ ಪುರುಸೊತ್ತಾಗಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ.

ಕಾರಹುಣ್ಣಿಮೆ ಆದ ಮೇಲೆ ಅವಳೇ ಕೊಡಲಿಯವನನ್ನು ಕರೆಸಿ ಗಿಡವನ್ನು ಬುಡಸಮೇತ ಕಡಿಸಿದಳು. ಆ ಗಾಯ ಕಣ್ಣಿಗೆ ಬೀಳದಿದ್ದರೆ ಗಂಡ ಎದ್ದು ಮಗ್ಗಕ್ಕೆ ಹೋದಾರು ಎಂಬ ಆಸೆ. ಕೆಲವು ದಿನಗಳ ಮೇಲೆ ಅವರು ಹೋದರು ಕೂಡ. ಆದರೆ ಅವರ ಮಾತು ನಿಂತುಹೋಗಿತ್ತು, ಮಗ್ಗದ ಸದ್ದಷ್ಟೇ ಕೇಳುತ್ತಿತ್ತು.

ಮರುವರ್ಷದ ಶಿವರಾತ್ರಿಗೆ ಹಿಂಡು ಬಂತು. ಗಿಡವಿದ್ದ ಜಾಗದ ಮೇಲೆ ಒಂದು ಸುತ್ತು ಹಾಕಿತು. ಇಳಿಯಲು ಏನೂ ಇರಲಿಲ್ಲ, ಮತ್ತೆ ಸುತ್ತಿತು. ದೊಡ್ಡವ್ವ ಮಗ್ಗದ ಲಾಳಿ ಹಿಡಿದ ಕೈಯಲ್ಲೇ ಹೊರಗೆ ಬಂದಳು. ಸತ್ತ ಮನೆಗೆ ಗೊತ್ತಿಲ್ಲದೆ ಬಂದ ಬೀಗರನ್ನು ಕೇಳುವಂತೆ ಮೇಲೆ ನೋಡಿ ಕೇಳಿದಳು.

"ಸುದ್ದಿ ಮುಟ್ಟಲಿಲ್ಲೇನ್ರೆವ್ವಾ ನಿಮಗ?"

ಅಷ್ಟು ದಣಿದ ದನಿಯನ್ನು ನಾನು ಮತ್ತೆ ಕೇಳಿಲ್ಲ. ಹಕ್ಕಿಗಳು ಹೊಳೆಯ ಕಡೆ ಹೋದವು. ಅವಳು ಒಳಗೆ ಹೋಗಿ ನೇಯತೊಡಗಿದಳು.

ಅವರಿಬ್ಬರೂ ಹೋಗಿ ಬಹಳ ವರ್ಷಗಳಾದವು. ದೊಡ್ಡಪ್ಪ ಕೊನೆಯವರೆಗೂ ನಂಬಲೇ ಇಲ್ಲವಂತೆ. ಆ ಹಿತ್ತಲಲ್ಲಿ ಈಗ ಪವರ್‌ಲೂಮಿನ ಶೆಡ್ಡು ಎದ್ದಿದೆ. ನಾನು ಮುಧೋಳದಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಮ್ಮಗಳು ಹೆರಿಗೆಗೆ ಬಂದಿದ್ದಾಳೆ. ಮೊನ್ನೆ ಕರೆಂಟಿನವರು, ತಂತಿಗೆ ತಾಗುತ್ತದೆಂದು, ನಮ್ಮ ಮನೆ ಮುಂದಿನ ಬಸರಿಯ ಟೊಂಗೆ ಕಡಿಯಲು ಏಣಿ ಹಚ್ಚಿದರು. ನಾನು ಕೋಲೂರಿಕೊಂಡು ಹೊರಗೆ ಹೋಗಿ, ಬರುವ ತಿಂಗಳು ಬನ್ನಿ ಎಂದೆ. ಯಾಕಜ್ಜಿ ಎಂದರು. ನಾನು ಏಣಿಗೆ ಅಡ್ಡ ನಿಂತೆ. ಆ ಶಾಸ್ತ್ರ ಸುಳ್ಳೆಂದು ಬಲ್ಲವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಅದನ್ನು ಮುರಿಯುವ ಧೈರ್ಯ ನನಗೂ ಆಗಲಿಲ್ಲ.