ಏನಿಲ್ಲ ಅಂಕಲ್

ಡ್ರಗ್ಸ್ ಪತ್ತೆಹಚ್ಚುವ ಪ್ರಯೋಗಾಲಯದಿಂದ ನಿವೃತ್ತರಾಗಿ, ದೇವನಹಳ್ಳಿಯ ಮನೆಯ ಮಹಡಿಯನ್ನು ಹೋಮ್‌ಸ್ಟೇ ಮಾಡಿರುವ ಕಲೀಮುಲ್ಲಾ ಸಾಹೇಬರಿಗೆ ಅತಿಥಿಗಳೆಂದರೆ ಪರೀಕ್ಷೆಗೆ ಬಂದ ಸ್ಯಾಂಪಲ್ಲುಗಳೇ. "ಹೋಟೆಲ್ ಬಿಟ್ಟು ನಮ್ಮನೇಗೇ ಯಾಕಪ್ಪಾ ಬಂದ್ರಿ?" ಎಂದು ಕೇಳದೆ ಬೀಗದ ಕೈ ಕೊಡುವವರಲ್ಲ. ಮನೆಯ ವಾತಾವರಣ, ಊರಿನ ಅನುಭವ ಎಂದು ಯಾರು ಏನೇ ಹೇಳಲಿ, "ಹೊಸ ಡ್ರಗ್ಗೂ ಹಿಂಗೇ, ಚೂರು ಬದಲಾಯಿಸಿ ಬೇರೆ ಹೆಸರಿಡ್ತಾರೆ. ಒಳಗಿರೋದು 'ಬಾಡಿಗೆ ಕಮ್ಮಿ' ಅನ್ನೋದೇ" ಎಂದು ನಗುತ್ತಾರೆ. ಬಾಗಿಲು ಹಾಕಿಕೊಂಡು ಕೂತವರು ಒಳಗಿನಿಂದ "ಏನಿಲ್ಲ ಅಂಕಲ್" ಎಂದರೆ ಮಾತ್ರ ನಗುವುದಿಲ್ಲ. ಅವರು ಹೊರಬರುವ ತನಕ ಚಹಾ ಹಿಡಿದು ಮೆಟ್ಟಿಲ ಮೇಲೇ ಕೂರುತ್ತಾರೆ. "ಓನರ್ ಕಾಟ" ಎಂದು ಒಂದೇ ಸ್ಟಾರ್ ಕೊಟ್ಟವರೂ ಉಂಟು. ಕೊಡಲಿ. ಒಮ್ಮೆ, ಸತ್ತ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ "ಏನೂ ಇಲ್ಲ" ಎಂದು ಲ್ಯಾಬಿನ ವರದಿಗೆ ಸಹಿ ಹಾಕಿದವರು ಸಾಹೇಬರೇ. ಅವನು ತೆಗೆದುಕೊಂಡಿದ್ದು ಹೊಸ ಡ್ರಗ್ಗು; ಹೋಲಿಸಿ ನೋಡಲು ಅದರ ಮಾದರಿ ಆಗಿನ್ನೂ ಲ್ಯಾಬಿಗೆ ಬಂದಿರಲಿಲ್ಲ. ಅದು ಬರುವಷ್ಟರಲ್ಲಿ ಅದೇ ಹಾಸ್ಟೆಲಿನ ಇನ್ನಿಬ್ಬರ ರಕ್ತವೂ ಅವರ ಮೇಜಿಗೆ ಬಂದಿತ್ತು.